ಕೌದಿಯ ಮೇಲಿನ ಹೆಸರು ಕದ್ದವರು

"ನನ್ನ ಹೆಸರು ಕದ್ದಿದ್ದಾರೆ, ತೆಕೂರಾ! ಮೊನ್ನೆ ಇತ್ತು, ಇವತ್ತಿಲ್ಲ. ಸಂಜೆಯೊಳಗೆ ಕಳ್ಳನ್ನ ಹಿಡಿ. ಇಲ್ಲಾಂದ್ರೆ ನನ್ನ ಕೌದಿನ ಪ್ರದರ್ಶನದಿಂದ ವಾಪಸ್ ತಗೊಂಡು ಹೋಗ್ತೀನಿ!"

ಉಪೊಕೊಯಿನಾ ಅಜ್ಜಿ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದರು. ಅವಾರುವಾ ಊರಿನ ವೆಬ್‌ಸೈಟುಗಳ ಕಾಯಿಲೆಗೆಲ್ಲ ತೆಕೂರಾಳೇ ಪತ್ತೇದಾರಿಣಿ; ನಾನು ಅವಳ ಜೊತೆಗಾರ. ಕೌದಿ ಪ್ರದರ್ಶನದ ವೆಬ್‌ಸೈಟ್ ಕಟ್ಟಿದವನು ಮೆತುವಾ. ಅದರಲ್ಲಿ ಕೌದಿಯ ಚಿತ್ರದ ಮೇಲೆ ಮೌಸಿನ ಬಾಣ ತಂದರೆ ಹೊಲಿದವರ ಹೆಸರು ಮೂಡಬೇಕು. ಅಜ್ಜಿಯ ಲ್ಯಾಪ್‌ಟಾಪಿನಲ್ಲಿ ಮೂಡಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಸೊಗಸಾಗಿ ಮೂಡಿತು.

"ಇದು ಮೆತುವಾನ ಕೆಲಸಾನೇ. ಅವನತ್ತೆ ವಾಯಿನೆಗೂ ನನಗೂ ಮಾತಿಲ್ಲ. ಹೊಲಿಯೋ ಗುಂಪಿಗೇ ಬರೋದು ಬಿಟ್ಟಿದ್ದಾಳೆ, ಅಷ್ಟು ಕೊಬ್ಬು!"

"ಬೇರೆಯವರ ಹೆಸರು ಬರುತ್ತಾ ಅಜ್ಜಿ?"

"ಬೇರೆಯವರದ್ದು ನಾನ್ಯಾಕೆ ನೋಡ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ತೆಕೂರಾ ಅಜ್ಜಿಯ ಲ್ಯಾಪ್‌ಟಾಪಿನಲ್ಲಿ ಬಾಣವನ್ನು ಉಳಿದ ಕೌದಿಗಳ ಮೇಲೆಲ್ಲ ಓಡಿಸಿದಳು. ಒಂದು ಹೆಸರೂ ಬರಲಿಲ್ಲ. ಕೂಡಲೇ ಮೆತುವಾಗೆ ಫೋನ್ ಮಾಡಿ, ನಿನ್ನೆ ಏನು ಬದಲಾಯಿಸಿದೆ ಎಂದು ಕೇಳಿದಳು.

"ಒಂದು ಸಾಲು ಅಷ್ಟೇ ಅಕ್ಕ. ಯಾಕೆ ಅಂತ ಹೇಳಬೇಡ ಅಂದಿದ್ದಾರೆ ಅತ್ತೆ."

"ಹಾಗಾದ್ರೆ ಅತ್ತೆನೂ ಕರ್ಕೊಂಡು ಬಾ."

ಸಂಜೆ ಪಪ್ಪಾಯಿ ತಟ್ಟೆಯ ಸುತ್ತ ಎಲ್ಲರೂ ಕೂತೆವು. ಅಜ್ಜಿ ಮತ್ತು ವಾಯಿನೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹಗೆ ಇದ್ದವನು ಒಂದೇ ಹೆಸರು ಅಳಿಸ್ತಿದ್ದ," ಎಂದಳು ತೆಕೂರಾ. "ಇಲ್ಲಿ ಎಲ್ಲವೂ ಮಾಯ. ಆದ್ರೆ ನಮ್ಮಲ್ಲಿ ಕಾಣುತ್ತೆ, ಅಂದ್ರೆ ಯಾವುದೂ ಅಳಿದಿಲ್ಲ. ಅಜ್ಜಿಯ ಹಳೇ ಬ್ರೌಸರಿಗೆ ನಿನ್ನೆಯ ಸಾಲು ಅರ್ಥವಾಗಿಲ್ಲ. ಬಾಣ ಬಂದ್ರೆ ಹೆಸರು ತೋರಿಸು ಅನ್ನೋ ಸಾಲಿಗೇ ಮೆತುವಾ ಇನ್ನೊಂದು ಹೊಸ ಆಜ್ಞೆ ಸೇರಿಸಿದ: ಕೀಲಿಮಣೆಯ ಗುಂಡಿ ಒತ್ತಿ ಚಿತ್ರಕ್ಕೆ ಬಂದ್ರೂ ತೋರಿಸು. ಗೊತ್ತಿಲ್ಲದ ಆಜ್ಞೆ ಒಂದಿದ್ರೂ ಬ್ರೌಸರು ಇಡೀ ಸಾಲನ್ನೇ ಕೈಬಿಡುತ್ತೆ."

ಎರಡು ಆಜ್ಞೆಗಳನ್ನೂ ಬೇರೆಬೇರೆ ಸಾಲಿಗೆ ಹಾಕಿದಳು. ಅಜ್ಜಿಯ ಹೆಸರು ಮತ್ತೆ ಮೂಡಿತು.

"ಕೀಲಿಮಣೆ ಯಾರಿಗೆ ಬೇಕಾಗಿತ್ತಂತೆ?" ಎಂದರು ಅಜ್ಜಿ.

"ನನಗೆ," ಎಂದರು ವಾಯಿನೆ. "ಕೈ ನಡುಗುತ್ತೆ, ಬಾಣ ನಿಲ್ಲಲ್ಲ. ಸೂಜಿನೂ ನಿಲ್ಲಲ್ಲ. ಅದಕ್ಕೇ ಗುಂಪಿಗೆ ಬರೋದು ಬಿಟ್ಟೆ."

ಅಜ್ಜಿಗೆ ನಿಜವಾಗಿಯೂ ನಾಚಿಕೆಯಾಯಿತು. ಪಪ್ಪಾಯಿ ತಟ್ಟೆಯನ್ನು ವಾಯಿನೆಯ ಕಡೆಗೆ ತಳ್ಳಿದರು.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ? ಬಣ್ಣ ಆರಿಸೋಕೆ ಕೈ ಯಾಕೆ ಬೇಕು? ಗುರುವಾರ ಬಾ. ನೀನು ಹೇಳು, ನಾನು ಹೊಲಿತೀನಿ."

"ಬರ್ತೀನಿ ಬಿಡು," ಎಂದರು ವಾಯಿನೆ, ಕಣ್ಣೊರೆಸಿಕೊಳ್ಳುತ್ತ. "ಬಣ್ಣ ನಿನ್ನ ಕೈಗೆ ಬಿಟ್ರೆ ಕೌದಿ ಕೆಟ್ಟೇ ಹೋಗುತ್ತೆ."