ಮಗ್ಗದ ಆಚೆ ಅಜ್ಜಿ

“ಚೈತೂ! ಟಾಯ್ಲೆಟ್‌ಗೆ ಹೋಗ್ಬೇಕೇನೇ?”

ಬಸ್ಸಿನಿಂದ ಇಳಿಯುತ್ತಿದ್ದ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಕನ್ನಡ ಬಾರದಿದ್ದರೇನು, ಟಾಯ್ಲೆಟ್ ಎಲ್ಲರಿಗೂ ಅರ್ಥವಾಗಿತ್ತು.

ಚೈತನ್ಯಾಳ ಮುಖ ಕೆಂಪಾಯಿತು. ಇಂಗ್ಲೆಂಡಿನ ರನ್‌ಕಾರ್ನ್‌ನ ಸ್ಕೂಲಿನಿಂದ ಹಳೇ ಬಟ್ಟೆ ಮಿಲ್ಲಿನ ಮ್ಯೂಸಿಯಮ್ಮಿಗೆ ಎಕ್ಸ್‌ಕರ್ಷನ್. ಜೊತೆಗೆ ಬರಬೇಕಿದ್ದ ಅಮ್ಮನಿಗೆ ಹಾಸ್ಪಿಟಲ್ ಡ್ಯೂಟಿ. ಹಾಗಾಗಿ ಬೆಂಗಳೂರಿನಿಂದ ಬಂದಿದ್ದ ತುಂಗಮ್ಮಜ್ಜಿ ಹೊರಟಿದ್ದರು. ಅಜ್ಜಿಗೆ ಮೆತ್ತಗೆ ಮಾತಾಡಲು ಬರುವುದೇ ಇಲ್ಲ.

“ಅಜ್ಜೀ, ಪ್ಲೀಸ್. ಸ್ವಲ್ಪ ಮೆತ್ತಗೆ.”

“ಏನಂದೇ?” ಅಜ್ಜಿ ಇನ್ನೂ ಜೋರಾಗಿ ಕೇಳಿದರು.

“ವಾಲ್ಯೂಮ್ ಬಟನ್ ಎಲ್ಲಿದೆ?” ಎಂದು ಕ್ಲಾಸಿನ ಮಿಯಾ ಇಂಗ್ಲಿಷಿನಲ್ಲಿ ಕಿಚಾಯಿಸಿದಳು. ನಾಳೆ ಇಡೀ ಸ್ಕೂಲಿಗೆ ಇದೇ ಜೋಕು.

ಒಳಗೆ ಗೈಡ್ ಒಂದು ಮಗ್ಗ ಆನ್ ಮಾಡಿದ. ಧಡ್ ಧಡ್ ಧಡ್! ನೆಲ ನಡುಗಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಮಗ್ಗದ ಆಚೆ ಅಜ್ಜಿ ಮಾತ್ರ ಕೈಕಟ್ಟಿಕೊಂಡು ಆರಾಮಾಗಿ ನಿಂತಿದ್ದರು.

“ದೇವ್ರೇ, ಅಜ್ಜಿ ಇನ್ನು ಸುಮ್ನಿರ್ಲಿ,” ಚೈತನ್ಯಾ ಗೊಣಗಿಕೊಂಡಳು. ಅದು ಅವಳಿಗೇ ಕೇಳಿಸಲಿಲ್ಲ.

ಆಚೆ ಅಜ್ಜಿಯ ತುಟಿ ಅಲುಗಿತು. ದನಿ ಇಲ್ಲ. ಆದರೂ ಮಾತು ಸ್ಪಷ್ಟವಾಗಿ ಕಂಡಿತು.

‘ಸುಮ್ನೇ ಇದ್ದೀನಲ್ಲೇ.’

ಚೈತನ್ಯಾಳ ಮೈ ಜುಮ್ಮೆಂದಿತು. ಮಗ್ಗ ನಿಂತದ್ದೇ ತಡ, ಓಡಿಹೋದಳು.

“ಅಜ್ಜೀ, ಹೇಗ್ ಕೇಳಿಸ್ತು?”

“ಕೇಳಿಸ್ಲಿಲ್ಲ, ನೋಡ್ದೆ. ಮದ್ವೆಗೆ ಮುಂಚೆಯಿಂದ ಬಟ್ಟೆ ಮಿಲ್ಲಲ್ಲಿ ನೂಲು ಸುತ್ತುತ್ತಿದ್ದೋಳು ನಾನು. ನೂರಾರು ಮೆಷೀನು, ದಿನವಿಡೀ ಇದೇ ಸದ್ದು. ನಾವು ಹೆಂಗಸ್ರು ತುಟಿ ನೋಡ್ಕೊಂಡೇ ಮಾತಾಡ್ತಿದ್ವಿ. ಅಡುಗೆ, ಸ್ಟ್ರೈಕು, ಎಲ್ಲಾ. ಮೇಸ್ತ್ರೀನ ಅವನೆದುರಿಗೇ ಬೈಯ್ತಿದ್ವಿ!”

ಚೈತನ್ಯಾ ಮಗ್ಗದ ಕಡೆ ನೋಡಿದಳು. ಒಂದೇ ಮಗ್ಗ, ಒಂದೇ ಗಳಿಗೆ. ಅವಳ ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ದಿನವಿಡೀ ಇದನ್ನೇ ಕೇಳಿದ ಅಜ್ಜಿಯ ಕಿವಿ?

“ಮದ್ವೆ ಆದ್ಮೇಲೂ ಹೋಗ್ತಿದ್ಯಾ?”

“ನಿಮ್ಮ ತಾತ ಬೇಡ ಅಂದ್ರು.”

“ನೀನೇನಂದೆ?”

“ಕೇಳಿಸ್ಲಿಲ್ಲ ಅಂದೆ.”

ಅಜ್ಜಿ ಗಹಗಹಿಸಿ ನಕ್ಕರು. ಗೈಡ್, ಟೀಚರ್, ಮಿಯಾ, ಎಲ್ಲರೂ ತಿರುಗಿ ನೋಡಿದರು.

ಚೈತನ್ಯಾ ಅವರತ್ತ ನೋಡಲಿಲ್ಲ. ಅಜ್ಜಿಯ ಎದುರಿಗೆ ಬಂದು, ಮುಖ ಮೇಲೆತ್ತಿ, ತನ್ನ ತುಟಿ ಚೆನ್ನಾಗಿ ಕಾಣುವ ಹಾಗೆ ಕೇಳಿದಳು:

“ಆಮೇಲೆ?”