ಮರಗಳ ಸಂಖ್ಯೆ: ಸೊನ್ನೆ

ಎಂಟು ವರ್ಷದಿಂದ ಕನಕರಾಜು ಬೇರೆಯವರ ಹೊಲ ಅಳೆಯುತ್ತಿದ್ದ. ತುಮಕೂರಿನ ಕಾರ್ಬನ್ ಕಂಪನಿಯೊಂದರಲ್ಲಿ ಅವನದು ಬೇಸ್‌ಲೈನ್ ಕೆಲಸ: ಗಿಡ ನೆಡುವ ಮುಂಚೆ ನೆಲ ಹೇಗಿತ್ತೆಂದು ಬರೆದಿಡುವುದು. ಅವನ ವರದಿಗಳಿಂದ ಗುಬ್ಬಿಯ ಎಷ್ಟೋ ರೈತರಿಗೆ, ಮರ ಬೆಳೆಸಿದ್ದಕ್ಕೆ ಕಂಪನಿ ವರ್ಷವರ್ಷ ಹಣ ಕೊಡುವ ಮೂವತ್ತು ವರ್ಷದ ಕರಾರು ಸಿಕ್ಕಿತ್ತು. ಅಮೃತೂರಿನಲ್ಲಿ ಹೆಂಡತಿಯ ಹೆಸರಿಗೆ ಬರೆಸಿದ್ದ ಅವನ ಆರು ಎಕರೆಗೆ ಮಾತ್ರ ಸಿಗುವಂತಿರಲಿಲ್ಲ. ಅಲ್ಲಿ ದೊಡ್ಡಮ್ಮ ಹನುಮಕ್ಕ ಸಾಲಾಗಿ ನೆಟ್ಟ ಮೂವತ್ತೆರಡು ಹೊಂಗೆ ಮರಗಳಿದ್ದವು. ನಿಯಮದ ಪ್ರಕಾರ ಹೊಲ ಹತ್ತು ವರ್ಷದಿಂದ ಖಾಲಿ ಇರಬೇಕು. ಇದ್ದ ಮರ ಕಡಿದು ಹೊಸದು ನೆಡುವಂತಿಲ್ಲ.

ಖಾಲಿ ಇತ್ತು ಎಂದು ಬರೆಯುವವನು ತಾನೇ.

ಸಂಕ್ರಾಂತಿ ಕಳೆದ ಮೇಲೆ ದೊಡ್ಡಮ್ಮ ಕಣ್ಣಿನ ಆಪರೇಷನ್ನಿಗೆಂದು ಕ್ಯಾತ್ಸಂದ್ರದ ಮಗಳ ಮನೆಗೆ ಹೋದಳು. ಎರಡೇ ದಿನದಲ್ಲಿ ಜೆಸಿಬಿ ಮರಗಳನ್ನು ಬೇರುಸಹಿತ ಕಿತ್ತಿತು. ಗುಂಡಿ ಮುಚ್ಚಿಸಿ, ವರದಿಯಲ್ಲಿ ಮರಗಳ ಸಂಖ್ಯೆ ಸೊನ್ನೆ ಎಂದು ಬರೆದ. ಕಂಪನಿಯ ಉಪಗ್ರಹ ಚಿತ್ರದಲ್ಲಿ ಬಿಡಿ ಮರಗಳು ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆಷಾಢದಲ್ಲಿ ರಾಗಿ ಬಿತ್ತಿಸಿ, ಯಾರ ಕಣ್ಣಿಗೂ ಬೀಳಬಾರದೆಂದು ಆಮೇಲೆ ಅತ್ತ ಸುಳಿಯಲೇ ಇಲ್ಲ.

ಉಳಿದದ್ದು ಬಾಯಿಗಳು: ವರದಿ ನಿಜವೇ ಎಂದು ತಪಾಸಣೆಗೆ ಬರುವವರು ಅಕ್ಕಪಕ್ಕದವರನ್ನೂ ಕೇಳುತ್ತಾರೆ. ಸಿಕ್ಕಿಬಿದ್ದರೆ ಕರಾರಷ್ಟೇ ಅಲ್ಲ, ಕೆಲಸವೂ ಹೋಗಿ ಕೇಸು ಬೀಳುತ್ತದೆ. ಪಕ್ಕದ ಹೊಲದ ಪುಟ್ಟರಂಗಯ್ಯ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಮರ ಕಿತ್ತ ಸುದ್ದಿ ಹೇಗೋ ಕಿವಿಗೆ ಬಿದ್ದಿದ್ದ ದೊಡ್ಡಮ್ಮನನ್ನಂತೂ ಏನೇನೋ ನೆಪ ಹೇಳಿ ಕ್ಯಾತ್ಸಂದ್ರದಲ್ಲೇ ಉಳಿಸಿದ್ದ. ತಪಾಸಣೆಯ ಹಿಂದಿನ ದಿನ ಅವಳೇ ಫೋನು ಮಾಡಿದಳು.

“ಏನ್ಲಾ ಕನಕ, ರಾಗಿ ಹೆಂಗೈತೆ?”

“ಚೆನ್ನಾಗೈತಂತೆ ದೊಡ್ಡಮ್ಮ.”

“ಆಗ್ದೆ ಏನು? ಮೂವತ್ತು ವರ್ಷ ಹೊಂಗೆ ಎಲೆ ಉದುರಿ ಗೊಬ್ಬರ ಆಗೈತೆ. ನನ್ನ ಮರ ತಿಂದ್ಯಲ್ಲೋ, ಇನ್ನು ರಾಗಿನೂ ತಿನ್ನು.”

ಇವಳು ಬಾಯಿ ಬಿಟ್ಟರೆ ಮುಗಿಯಿತು. ಫೋನಿಟ್ಟವನೇ ಅವಳ ಮಗಳಿಗೆ ಕರೆ ಮಾಡಿ, ನಾಳೆ ಯಾವ ಕಾರಣಕ್ಕೂ ಅವಳನ್ನು ಬಸ್ಸು ಹತ್ತಿಸಬೇಡ ಎಂದ.

ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ತಪಾಸಣಾಧಿಕಾರಿ ಶಿಲ್ಪಾ ಬಂದಳು. ಇಲ್ಲಿ ಮರಗಳಿದ್ದವೇ ಎಂದು ಪುಟ್ಟರಂಗಯ್ಯನನ್ನು ಕೇಳಿದಳು.

“ನಾ ಕಂಡಂಗೆ ಬರೀ ರಾಗಿನೇ ಕಣವ್ವ,” ಹೇಳಿಕೊಟ್ಟಷ್ಟನ್ನೇ ಅವನು ಹೇಳಿದ.

ಕನಕರಾಜುವಿನ ಉಸಿರು ಹಗುರಾಯಿತು. “ಮೇಲಿಂದಾನೂ ನೋಡ್ಬಿಡಿ ಮೇಡಂ,” ಎಂದು ತಾನಾಗಿಯೇ ಡ್ರೋನು ತೆಗೆದ.

ಡ್ರೋನು ಮೇಲೇರಿತು. ಪರದೆಯ ಮೇಲೆ ತಿಳಿಹಸಿರು ರಾಗಿ ಹೊಲ. ಅದರೊಳಗೆ ಸಾಲು ಸಾಲಾಗಿ, ಒಂದೊಂದೂ ಮರದ ನೆರಳಿನಷ್ಟು ಅಗಲದ ಕಡುಹಸಿರು ವೃತ್ತಗಳು. ಎಲೆ ಉದುರಿ ಕೊಳೆತ ಕಡೆಯಲ್ಲೆಲ್ಲ ರಾಗಿ ಸೊಕ್ಕಿ ಬೆಳೆದಿತ್ತು. ಶಿಲ್ಪಾ ಪರದೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಎಷ್ಟಕ್ಕೆ ನಿಲ್ಲುತ್ತಾಳೆಂದು ಕನಕರಾಜುವಿಗೆ ಗೊತ್ತಿತ್ತು.