ರಾಣಿಯ ಪಟ

2025ರ ನವೆಂಬರ್ 3, ಸೋಮವಾರ. ಬೆಳಗ್ಗೆ ಒಂಬತ್ತೂವರೆಗೆ ಠಾಣೆಯ ಮುಂದೆ ಜೀಪೊಂದು ನಿಂತಿತು. ಇಳಿದವರು ಹಾನುಬಾಳು ಕಡೆಯ ಎಸ್ಟೇಟ್ ಮಾಲೀಕ ಸಿದ್ದಬಸಪ್ಪ. ಅರವತ್ತರ ಆಸುಪಾಸು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಹಿಂದೆಯೇ ಅವರ ಗೈಡ್ ಮೋಹಿತ್.

"ರಾಣಿ ಪಟ ಕಳವಾಗೈತೆ ಮೇಡಂ," ಎಂದರು ಸಿದ್ದಬಸಪ್ಪ, ಕೂರುವುದಕ್ಕೂ ಮೊದಲೇ.

ಸಬ್ ಇನ್‌ಸ್ಪೆಕ್ಟರ್ ಮಧುಶ್ರೀ ಪೆನ್ನಿನ ಮುಚ್ಚಳ ತೆಗೆದಳು. "ಯಾವ ರಾಣಿ?"

"ನಮ್ಮ ಅರಮನೆ ರಾಣಿ."

ಅರಮನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಬೆಳ್ಳಿಗುಡ್ಡದ ನೆತ್ತಿಯ ಮೇಲೆ ಸಿದ್ದಬಸಪ್ಪನವರ ತಾತ ಕಟ್ಟಿಸಿದ ಬಂಗಲೆ. ಊರಿನವರ ಬಾಯಲ್ಲಿ ಇವತ್ತಿಗೂ ಅದು ದೊಡ್ಡ ಬಂಗ್ಲೆ. ಮೂರು ವರ್ಷದ ಹಿಂದೆ ಗೇಟಿಗೆ 'ಅರಮನೆ' ಎಂಬ ಬೋರ್ಡು ಬಿತ್ತು. ಅಂದಿನಿಂದ ಭಾನುವಾರವೆಂದರೆ ಬೆಂಗಳೂರಿನ ವ್ಯಾನುಗಳು ಕತ್ತಲಿರುವಾಗಲೇ ಹೊರಟು ಇಲ್ಲಿಗೆ ಏರಿ ಬರುತ್ತಿದ್ದವು. ರಾಜಧಾನಿಯಿಂದ ಒಂದೇ ದಿನದಲ್ಲಿ ನೋಡಿ ಮರಳಬಹುದಾದ ಬೆಟ್ಟದ ಅರಮನೆ, ಮೆಟ್ಟಿಲು ಮೆಟ್ಟಿಲಾದ ಗುಲಾಬಿ ತೋಟ, ಮಧ್ಯಾಹ್ನಕ್ಕೆ ಅಕ್ಕಿರೊಟ್ಟಿ ಊಟ.

"ಪಟದಲ್ಲಿರೋರ ಹೆಸರು?"

ಸಿದ್ದಬಸಪ್ಪ ಮೋಹಿತನ ಮುಖ ನೋಡಿದರು. "ರಾಣಿ ಚಂದ್ರಾವತಿ," ಎಂದ ಮೋಹಿತ್.

"ಅವರು ನಿಮಗೆ ಏನಾಗಬೇಕು?"

"ಹಳೇ ಕಾಲದೋರು ಮೇಡಂ," ಎಂದರು ಸಿದ್ದಬಸಪ್ಪ. "ಪಟ ಅಂತ ಬರ್ಕೊಳ್ಳಿ, ಸಾಕು."

ಭಾರತೀಯ ನ್ಯಾಯ ಸಂಹಿತೆ ಕಲಂ 305, ವಾಸದ ಮನೆಯಲ್ಲಿ ಕಳವು. ಎಫ್‌ಐಆರ್ ದಾಖಲಾಯಿತು. ಕಳವಾದ ಸ್ವತ್ತಿನ ವಿವರ ಗುರುತು ಹಾಕಿಕೊಂಡಿದ್ದ ತನ್ನ ಹಾಳೆಯಲ್ಲಿ, ಹೆಸರಿನ ಪಕ್ಕ, ಮಧುಶ್ರೀ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಳು. ಮೋಹಿತ್ ಮೊಬೈಲಿನಲ್ಲಿ ಪ್ರವಾಸಿಗರು ಮಾಡಿದ ಒಂದು ರೀಲ್ ತೋರಿಸಿದ. ಕಪ್ಪುಬಿಳುಪಿನ ಪಟ. ರೇಷ್ಮೆ ಸೀರೆ ಉಟ್ಟ ಹೆಂಗಸು ನಿಂತಿದ್ದಾಳೆ. ಎಡಗಡೆಯ ಹುಬ್ಬು ತುಸು ಮೇಲೆ, ಏನನ್ನೋ ಕೇಳಲು ಹೊರಟು ಸುಮ್ಮನಾದವಳ ಹಾಗೆ.

ಹಿಂದಿನ ದಿನ ರಜೆಯಲ್ಲಿದ್ದ ಕಾನ್‌ಸ್ಟೇಬಲ್ ರೊಸಾರಿಯೋ ಜೀಪು ಹೊರಡಿಸಿದ. ಹನ್ನೊಂದೂಕಾಲಕ್ಕೆ ಬೆಳ್ಳಿಗುಡ್ಡದಲ್ಲಿ ಪಂಚನಾಮೆ ಶುರುವಾಯಿತು. ಪಂಚರಲ್ಲಿ ಒಬ್ಬ ಎಸ್ಟೇಟಿನ ಹಳೆಯ ಆಳು ಭೂತಯ್ಯ.

ಬಂಗಲೆಯ ಹಾಲ್‌ನ ಗೋಡೆಯಲ್ಲಿ ಪಟವಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಕಳ್ಳರು ಫ್ರೇಮನ್ನು ಒಯ್ದಿರಲಿಲ್ಲ. ಅದು ಸೋಫಾದ ಮೇಲೆ ಮಲಗಿತ್ತು, ಗಾಜು ಒಡೆದಿರಲಿಲ್ಲ. ಹಿಂಬದಿಯ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು ಕಿಟಕಿಯ ದಂಡೆಯ ಮೇಲೆ ಸಾಲಾಗಿ ಇಟ್ಟಿದ್ದರು.

"ಮರ್ಯಾದಸ್ಥ ಕಳ್ಳ ಮೇಡಂ," ಎಂದ ರೊಸಾರಿಯೋ.

"ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ ಕಣ್ರೀ," ಎಂದ ಭೂತಯ್ಯ. "ರಾಣಿಗೇ ಬೇಜಾರಾಗಿ ಎದ್ದು ಹೋಗ್ಬುಟ್ಟವ್ಳೆ. ವಾರ ವಾರ ಈ ಮೋಹಿತನ ಭಾಷಣ ಕೇಳೋಕಾಯ್ತದಾ ಯಾರಿಗಾದ್ರೂ?"

ಮಧುಶ್ರೀ ನಗಲಿಲ್ಲ. "ಮೋಹಿತ್, ನಿನ್ನೆ ಬಂದೋರನ್ನ ಎಲ್ಲೆಲ್ಲಿ ಕರ್ಕೊಂಡು ಹೋದಿರೋ ನನ್ನೂ ಅಲ್ಲೆಲ್ಲ ಕರ್ಕೊಂಡು ಹೋಗಿ. ಏನು ಹೇಳಿದ್ರೋ ಅದನ್ನೇ ಹೇಳಿ."

ಗೇಟಿನ ಹತ್ತಿರ ಮೋಹಿತನ ದನಿ ಮೆಲ್ಲಗಿತ್ತು; ಗುಲಾಬಿ ತೋಟ ಮುಟ್ಟುವಷ್ಟರಲ್ಲಿ ಭಾನುವಾರದ ದನಿಯೇ ಬಂತು. ಪೂರ್ವಕ್ಕೆ ಆಲೂರಿನ ಗುಡ್ಡಗಳನ್ನು ತೋರಿಸಿ, ಅಷ್ಟೂ ಒಂದು ಕಾಲಕ್ಕೆ ಈ ಅರಮನೆಗೆ ಕಪ್ಪ ಕೊಡುತ್ತಿದ್ದವು ಎಂದ. ಭೂತಯ್ಯ ಹಿಂದಿನಿಂದ ಕೆಮ್ಮಿದ. ತೋಟದ ಕೊನೆಗೆ ಕಲ್ಲುಕಟ್ಟೆಯ ಬಾವಿ.

"ಈ ರಾಣಿಗೆ ರಾಜನ ಮೇಲೆ ಕೋಪ. ಒಂದು ಸಂಜೆ ಪುಟ್ಟ ರಾಜಕುಮಾರನನ್ನ ಎತ್ತಿ ಇದೇ ಬಾವಿಗೆ ಎಸೆದಳು, ತಾನೂ ಹಾರಿದಳು. ಇವತ್ತಿಗೂ ಕೂಗಿದ್ರೆ ಓಗೊಡ್ತಾಳೆ. ಎಲ್ಲರೂ ಒಟ್ಟಿಗೆ ಕೂಗಿ!" ಮೋಹಿತ್ ಕಟ್ಟೆಯ ಮೇಲೆ ಬಗ್ಗಿದ. "ರಾಣೀ, ಮಗು ಎಲ್ಲಿ?"

ಎಲ್ಲಿ, ಎಲ್ಲಿ, ಎಂದಿತು ಬಾವಿ.

"ಎಲ್ರೂ ನಗ್ತಾರೆ ಮೇಡಂ. ರೀಲ್ಸ್ ಮಾಡ್ಕೋತಾರೆ."

"ಈ ಕತೆ ಯಾರದು?"

"ಒಂಚೂರು ಸಾಹುಕಾರ್ರದ್ದು. ಉಳಿದಿದ್ದು ನಂದು."

ಮಧುಶ್ರೀ ಬಾವಿಯ ಸುತ್ತ ನಡೆದಳು. ಹಿಂಬದಿಯಲ್ಲಿ, ಪ್ರವಾಸಿಗರ ಕಾಲು ಹೋಗದ ಕಡೆ, ಕಲ್ಲಿಗೆ ಅಂಟಿಕೊಂಡ ಮೇಣ. ಪಕ್ಕದಲ್ಲಿ ಬಾಡಿದ ಸೇವಂತಿಗೆ.

"ಯಾರೋ ದೆವ್ವಕ್ಕೆ ಹೆದರಿ ಹಚ್ಚಿರಬೇಕು," ಎಂದ ಮೋಹಿತ್.

ರೊಸಾರಿಯೋ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಯಾರೂ ಹೇಳಿರಲಿಲ್ಲ. ಅದು ಮಧುಶ್ರೀಯ ಕಣ್ಣಿಗೆ ಬಿತ್ತು.

"ನಿನ್ನೆ ರಜೆ ಯಾತಕ್ಕೆ ಹಾಕಿದ್ರಿ ರೊಸಾರಿಯೋ?"

"ನಮ್ಮಲ್ಲಿ ಸತ್ತೋರ ಹಬ್ಬ ಮೇಡಂ. ಅಜ್ಜ, ಅಜ್ಜಿ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚೋದು."

"ಸಮಾಧಿ ಇಲ್ಲದೋರಿಗೆ?"

ರೊಸಾರಿಯೋ ಬಾವಿ ನೋಡಿದ. "ಎಲ್ಲಿ ಸತ್ರೋ ಅಲ್ಲಿ ಹಚ್ಚಬೇಕಾಗ್ತದೆ. ಇನ್ನೇನು ಮಾಡೋದು?"

ಅವಳು ಮೋಹಿತನ ಕಡೆ ತಿರುಗಿದಳು. "ನಿನ್ನೆ ಬಂದೋರೆಲ್ಲ ಬೆಂಗಳೂರಿನವರೇನಾ?"

"ಒಬ್ರನ್ನ ಬಿಟ್ಟು. ಹಾನುಬಾಳಿಂದ ಒಬ್ರು ಆಂಟಿ ಪ್ರಜ್ವಲ್ ಅನ್ನೋನ ಬಾಡಿಗೆ ಜೀಪಲ್ಲಿ ಬಂದಿದ್ರು. ಪೂರ್ತಿ ಟಿಕೆಟ್ ತಗೊಂಡ್ರು."

ಭೂತಯ್ಯ ಹೊಟ್ಟೆ ಹಿಡಿದು ನಕ್ಕ. "ಹಾನುಬಾಳೋರು ಟಿಕೆಟ್ ತಗೊಂಡು ದೊಡ್ಡ ಬಂಗ್ಲೆ ನೋಡಿದ್ರಾ? ಕಾಫಿ ಕುಯ್ಯೋಕೆ ಬಂದು ನಾವು ದಿನಾ ನೋಡ್ತೀವಲ್ಲೋ ಮಾರಾಯ!"

"ಅವರು ಊಟಕ್ಕೆ ಕೂತಿದ್ರಾ?"

"ಇಲ್ಲ ಮೇಡಂ. ತಲೆನೋವು ಅಂದ್ರು. ನಾವು ಊಟ ಮುಗಿಸೋವರೆಗೂ ಹಾಲ್‌ನಲ್ಲೋ ತೋಟದಲ್ಲೋ ಒಬ್ರೇ ಇದ್ರು."

ಹಾನುಬಾಳಿನ ಬಸ್ಸುನಿಲ್ದಾಣದ ಪಕ್ಕ ಜೀಪಿನ ಬಾನೆಟ್ಟಿಗೆ ಒರಗಿ ಪ್ರಜ್ವಲ್ ಚಹಾ ಕುಡಿಯುತ್ತಿದ್ದ. ಪೊಲೀಸರನ್ನು ಕಂಡು ಲೋಟ ಕೆಳಗಿಟ್ಟ. ನಿನ್ನೆ ಜೀಪಲ್ಲಿ ಬಂದ ಹೆಂಗಸು ಯಾರೆಂದು ಮಧುಶ್ರೀ ಕೇಳಿದಳು.

"ಡೊರಿನ್ ಬಾಯಿ ಮೇಡಂ, ಟೈಲರ್. ನಮ್ಮನೆ ಹೆಂಗಸರ ಬ್ಲೌಸೆಲ್ಲ ಅವ್ರೇ ಹೊಲಿಯೋದು. ಏನಾಯ್ತು?"

"ವಾಪಸ್ ಬರುವಾಗ ಏನಾದ್ರೂ ಅಂದ್ರಾ?"

"ನಿಧಾನ ಹೋಗಪ್ಪಾ, ನಿಧಾನ ಹೋಗಪ್ಪಾ, ಅದೊಂದೇ. ಮಡಿಲಲ್ಲಿ ಚೀಲ ಇತ್ತು. ಮೊಟ್ಟೆ ಇಟ್ಕೊಂಡಂಗೆ ಹಿಡ್ಕೊಂಡಿದ್ರು."

ಮಧ್ಯಾಹ್ನ ಮೂರೂವರೆಗೆ ಮಧುಶ್ರೀ ಟೈಲರ್ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಹೆಂಗಸಿಗೆ ಅರವತ್ತು ದಾಟಿತ್ತು, ಕುತ್ತಿಗೆಯಲ್ಲಿ ಅಳತೆಯ ಟೇಪು ಇತ್ತು. ಎಡಗಡೆಯ ಹುಬ್ಬು ತುಸು ಮೇಲೆ. ಬೆಳಗ್ಗೆ ಮೊಬೈಲಿನಲ್ಲಿ ನೋಡಿದ ಮುಖಕ್ಕೇ ವಯಸ್ಸಾಗಿತ್ತು.

"ಬನ್ನಿ. ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ."

ಹೊಲಿಗೆಯಂತ್ರದ ಮೇಲಿನ ಗೋಡೆಯಲ್ಲಿ ಯೇಸುವಿನ ಪಟ. ಅದರ ಕೆಳಗೆ, ಹೊಸ ಬಿಳಿ ಬಟ್ಟೆಯ ಮೇಲೆ, ರಾಣಿ.

"ಬೆಳ್ಳಿಗುಡ್ಡದಿಂದ ಇದನ್ನ ತಂದೋರು ನೀವೇನಾ?"

"ನಾನೇ."

"ಇವರು ಯಾರು?"

"ನನ್ನ ತಾಯಿ. ಕಾರ್ಮಿನ್ ಬಾಯಿ. ಆ ಮನೇಲಿ ಆಯಾ ಆಗಿದ್ಲು."

"ರೇಷ್ಮೆ ಸೀರೆ?"

"ಆ ಮನೆ ಅಮ್ಮಾವ್ರದ್ದು. ಯಾವುದೋ ಹಬ್ಬಕ್ಕೆ ತಮಾಷೆಗೆ ಉಡಿಸಿ ಪಟ ತೆಗೆಸಿದ್ರಂತೆ. ಚಿಕ್ಕಮ್ಮ ಹೇಳ್ತಿದ್ಲು. ಅಮ್ಮ ತೀರಿಕೊಂಡಾಗ ನಂಗೆ ನಾಲ್ಕು ವರ್ಷ. ಮುಖ ಅಂತ ನೆನಪೇ ಇಲ್ಲ. ಹೋದ ತಿಂಗಳು ಪಕ್ಕದ್ಮನೆ ಡೆಲ್ಸಿ ಮೊಬೈಲಲ್ಲಿ ತೋರಿಸಿ, 'ಆಂಟೀ, ಈ ರಾಣಿ ನಿಮ್ಮಂಗೇ ಅವ್ಳೆ' ಅಂತ ನಕ್ಕಳು."

"ಬಾವಿಯಲ್ಲಿ ಏನಾಯ್ತು?"

"ಆಗಿನ ಸಾಹುಕಾರ್ರ ಮಗು ಆಡ್ತಾ ಆಡ್ತಾ ಬಾವಿಗೆ ಬಿತ್ತು. ಅಮ್ಮ ಹಿಂದೇನೇ ಹಾರಿದ್ಲು. ಅಲ್ಲೇ ಕೆಲಸಕ್ಕಿದ್ದ ಚಿಕ್ಕಮ್ಮ ಹಗ್ಗ ತರೋವರೆಗೂ ಮಗೂನ ನೀರಿಂದ ಮೇಲೆ ಎತ್ತಿ ಹಿಡಿದಿದ್ಲಂತೆ. ಮಗು ಬದುಕ್ತು, ಇವಳು ಮುಳುಗಿದ್ಲು. ಆಮೇಲೆ ಮನೆಯೋರು, ತಳ್ಳಿದ್ದೂ ಇವಳೇ, ಹೆದರಿ ಹಾರಿದ್ದೂ ಇವಳೇ ಅಂದ್ರು. ಪ್ರಾಣ ತಾನೇ ಕಳ್ಕೊಂಡೋಳಿಗೆ ಒಳಗೆ ಜಾಗ ಇಲ್ಲ ಅಂತ ಚರ್ಚಿನ ಸಿಮಿತ್ರಿ ಗೋಡೆ ಆಚೆ ಹೂಳಿದ್ರು. ಆ ಜಾಗದಾಗೆ ಈಗ ರಸ್ತೆ ಐತೆ."

"ಆ ಮಗು?"

"ನಿಮಗೆ ಕಂಪ್ಲೇಂಟ್ ಕೊಟ್ಟೋರು."

ಮಧುಶ್ರೀ ಕೇಳಿದಳು: "ಪಟ ಕೇಳಿದ್ರೆ ಅವರೇ ಕೊಡ್ತಿದ್ರೇನೋ?"

"ಕೇಳೋಕೇ ಹೋಗಿದ್ದು. ಬಿಟ್ಟಿ ಬಂದೋಳು ಅನ್ನಿಸ್ಕೋಬಾರದು ಅಂತ ಟಿಕೆಟ್ಟೂ ತಗೊಂಡೆ. ಬಾವಿ ಹತ್ರ ಎಲ್ಲರೂ ಕೂಗಿದ್ರು ಮೇಡಂ, ಮಗು ಎಲ್ಲಿ, ಮಗು ಎಲ್ಲಿ ಅಂತ. ನಾನು ಅವರ ಮಧ್ಯದಲ್ಲೇ ನಿಂತಿದ್ದೆ. ಇಲ್ಲಿದೀನಿ ಅನ್ನೋಕೆ ಬಾಯಿ ಬರಲಿಲ್ಲ." ಆಕೆ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಆಮೇಲೆ ಕೇಳೋ ಮನಸ್ಸೂ ಬರಲಿಲ್ಲ."

"ಪಟ ಒಪ್ಪಿಸಿ. ನೋಟಿಸ್ ಕೊಟ್ಟು ಹೋಗ್ತೀನಿ. ಕರೆದಾಗ ಬಂದ್ರೆ ಸಾಕು."

"ಒಪ್ಪಿಸಲ್ಲ. ತಗೊಂಡು ಹೋಗೋದಾದ್ರೆ ನನ್ನೂ ಕರ್ಕೊಂಡು ಹೋಗಿ."

ಮಧುಶ್ರೀ ಎರಡು ಸಲ ಹೇಳಿ ನೋಡಿದಳು. ಡೊರಿನ್ ಬಾಯಿ ಆಗಲೇ ಯಂತ್ರಕ್ಕೆ ಮುಸುಕು ಹಾಕುತ್ತಿದ್ದರು. ಡೆಲ್ಸಿಗೆ ವಿಷಯ ತಿಳಿಸಿ, ಸೂರ್ಯ ಮುಳುಗುವ ಮೊದಲೇ ದಸ್ತಗಿರಿ ನಡೆಯಿತು. ದಾರಿಯುದ್ದಕ್ಕೂ ರೊಸಾರಿಯೋ, ಯಾರೂ ಹೇಳದಿದ್ದರೂ, ಜೀಪನ್ನು ನಿಧಾನ ಓಡಿಸಿದ.

ಸ್ವತ್ತು ಗುರುತಿಸಲು ಠಾಣೆಗೆ ಬರುವಂತೆ ಸಿದ್ದಬಸಪ್ಪನವರಿಗೆ ಹೇಳಿಕಳುಹಿಸಲಾಯಿತು. ಬೆಂಚಿನ ಮೇಲಿದ್ದ ಹೆಂಗಸಿನ ಮುಖ ನೋಡಿ ಅವರು ಬಾಗಿಲಲ್ಲೇ ನಿಂತರು. ಮಧುಶ್ರೀ ಜಪ್ತಿ ಮಹಜರನ್ನು ಓದಿದಳು. "ಕಪ್ಪುಬಿಳುಪಿನ ಭಾವಚಿತ್ರ ಒಂದು. ಅದರಲ್ಲಿರುವವರು ರಾಣಿ ಚಂದ್ರಾವತಿ ಅಂತ ಬರೀಲಾ?"

"ನಂಗಾಗ ಮೂರು ವರ್ಷ ಮೇಡಂ. ಅಪ್ಪ ಏನು ಹೇಳಿದ್ರೋ ಅಷ್ಟೇ..."

"ಅಪ್ಪ ಏನು ಹೇಳಿದ್ರು ಅಂತ ಕೇಳಲಿಲ್ಲ. ಹೆಸರು ಕೇಳಿದೆ."

ಮೇಜಿನ ಮೇಲಿದ್ದ ಪಟವನ್ನು ಅವರು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಕಾರ್ಮಿನ್ ಅಂತ ಬರ್ಕೊಳ್ಳಿ."

"ಕಾರ್ಮಿನ್ ಬಾಯಿ," ಎಂದರು ಡೊರಿನ್, ಬೆಂಚಿನಿಂದ ಏಳದೆ.

"ಕಾರ್ಮಿನ್ ಬಾಯಿ," ಎಂದರು ಸಿದ್ದಬಸಪ್ಪ. ಸಹಿ ಹಾಕಿದರು.

ಅವರು ಹೋದ ಮೇಲೆ ಮಧುಶ್ರೀ ತನ್ನ ಹಾಳೆಯ ಪೆನ್ಸಿಲ್ ಗುರುತನ್ನು ಅಳಿಸಿದಳು. ಪಟ ಲಕೋಟೆಯೊಳಗೆ ಹೋಯಿತು, ಮೇಲೆ ಅರಗಿನ ಮುದ್ರೆ ಬಿತ್ತು. ಇನ್ನು ಅದು ಯಾರಿಗೆ ಸೇರಬೇಕೆಂದು ನ್ಯಾಯಾಲಯ ಹೇಳಬೇಕು. ಕೇಸ್ ಡೈರಿಯಲ್ಲಿ ಅವಳು ದಿನದ ತನಿಖೆಯನ್ನೆಲ್ಲ ಬರೆದು, ಕೃತ್ಯದ ಉದ್ದೇಶವೆಂಬಲ್ಲಿ ಕೊಂಚ ತಡೆದಳು. ಆಮೇಲೆ ಬರೆದಳು: 'ಆರೋಪಿಗೆ ಲಾಭದ ಉದ್ದೇಶ ಕಂಡುಬಂದಿಲ್ಲ. ತಾಯಿಯನ್ನು ಮನೆಗೆ ಕರೆದುಕೊಂಡು ಬರಲು ಹೋಗಿದ್ದರು.'